ಕರೆವ್ವ ಹೂಂ ಅನ್ನಲಿಲ್ಲ

‘ಮೇಡಂ, ನಿಮ್ಮ ಹಿಂದೆ ಯಾವುದೋ ಮುದುಕಿ ಹೂಂ ಹೂಂ ಅಂತಿದೆ. ಬಾಗಿಲು ಹಾಕಿಕೊಂಡು ಓದಬಾರದೆ?’

ನಾನು ಓದಿ ಹಾಕಿದ ಮೊದಲ ಕಥೆಗೆ ಬಂದ ಮೊದಲ ಪ್ರತಿಕ್ರಿಯೆ ಇದು. ಬರೆದವರ ಮುಖ ಇರಬೇಕಾದ ಜಾಗದಲ್ಲಿ ಒಂದು ಗುಲಾಬಿ ಹೂವಿತ್ತು. ಓದಿದ್ದೇ ನನಗೆ ಮೈ ಉರಿದುಹೋಯಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ನನ್ನ ತರಗತಿಯ ಬಾಗಿಲು ಹಾಕಬೇಕೋ ತೆಗೆಯಬೇಕೋ ಎಂದು ಹೇಳುವ ಧೈರ್ಯ ಹೆಡ್ ಮಾಸ್ತರರಿಗೂ ಇರಲಿಲ್ಲ. ಈ ಗುಲಾಬಿ ಹೂವಿಗೆ ಯಾವ ಅಧಿಕಾರ?

ನನ್ನ ಹೆಸರು ಯಮುನಾಬಾಯಿ. ಮನೆ ಬೆಟಗೇರಿಯಲ್ಲಿ. ನಿವೃತ್ತಿಯಾದ ಮೇಲೆ ನಾನು ಮನೆಯಲ್ಲಿ ಕುಳಿತು ಕಂಡಕಂಡವರ ಮೇಲೆ ರೇಗುತ್ತಿದ್ದೇನೆಂದು ನನ್ನ ತಂಗಿಯ ಮಗ ಮುಕುಂದ ಈ ಉದ್ಯೋಗ ಹಚ್ಚಿಕೊಟ್ಟ. ಅವನಿಗೆ ಗದಗಿನಲ್ಲಿ ಮೊಬೈಲ್ ಅಂಗಡಿ ಇದೆ. ‘ಮಾವಶಿ, ಬೈಯೋದು ಬಿಟ್ರ ನಿಂಗ ಛಂದ ಬರೋದು ಓದೋದು ಒಂದ. ಹಳೇ ಕಾಲದ ಕಥಿ ಓದು, ನಾ ಆನ್‌ಲೈನ್ ಹಾಕ್ತೀನಿ’ ಎಂದ. ಒಂದು ಚಾನೆಲ್ ತೆರೆದ, ಫೋನ್ ನಿಲ್ಲಿಸಲು ಮೂರು ಕಾಲಿನ ಸ್ಟ್ಯಾಂಡ್ ತಂದುಕೊಟ್ಟ.

ಬಾಗಿಲು ಹಾಕಿಕೊಂಡು ಓದಲು ನಾನೂ ಪ್ರಯತ್ನ ಮಾಡಿದ್ದೆ. ನಾಲ್ಕು ವಾಕ್ಯ ಮುಗಿಯುವಷ್ಟರಲ್ಲಿ ಓದು ನಿಂತುಹೋಯಿತು. ನಮ್ಮ ಅಜ್ಜಿ ಕಥೆ ಹೇಳುವಾಗ ಮಕ್ಕಳಲ್ಲಿ ಒಬ್ಬರಾದರೂ ಪ್ರತಿ ಮಾತಿಗೆ ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಅಜ್ಜಿ ಅಲ್ಲಿಗೇ ಕಥೆ ನಿಲ್ಲಿಸಿ ಬತ್ತಿ ಹೊಸೆಯತೊಡಗುತ್ತಿದ್ದಳು. ರಾಜಕುಮಾರ ಕುದುರೆ ಮೇಲೆ ಒಂದು ಕಾಲಿಟ್ಟು ಹಾಗೇ ನಿಂತಿರುತ್ತಿದ್ದ. ಆ ಚಾಳಿ ನನ್ನ ರಕ್ತದಲ್ಲೇ ಇಳಿದಿದೆ. ತರಗತಿಯಲ್ಲೂ ಅಷ್ಟೇ, ಹಿಂದಿನ ಬೆಂಚಿನವರು ತಲೆಯನ್ನಾದರೂ ಆಡಿಸಬೇಕು, ಇಲ್ಲದಿದ್ದರೆ ನನಗೆ ಮುಂದಿನ ವಾಕ್ಯ ಬರುವುದಿಲ್ಲ. ಗೋಡೆ ಮತ್ತು ಫೋನಿನ ಮುಂದೆ ಕುಳಿತು ಯಾರಿಗೆಂದು ಓದುವುದು?

ಆ ಹೊತ್ತಿಗೆ ಕೇಳುವವಳಾಗಿ ಸಿಕ್ಕವಳು ಕರೆವ್ವ. ಕಳಸಾಪುರದವಳು. ಬೆಳಗಿನ ಮೊದಲ ಬಸ್ಸಿಗೆ ಪುಂಡಿಪಲ್ಯ, ರಾಜಗಿರಿ, ಕಿರಕಸಾಲಿ ತಂದು ನಮ್ಮ ಓಣಿಗಳಲ್ಲಿ ಮಾರುತ್ತಾಳೆ. ಬುಟ್ಟಿ ಖಾಲಿಯಾದ ಮೇಲೆ ಎರಡು ಗಂಟೆಯ ಬಸ್ಸಿನವರೆಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂರುತ್ತಾಳೆ. ಒಂದು ಮಧ್ಯಾಹ್ನ ನಾನು ಕಿಟಕಿಯ ಒಳಗೆ ಕುಳಿತು ಓದುತ್ತಿದ್ದಾಗ ಹೊರಗಿನಿಂದ ‘ಹೂಂ’ ಎಂದು ಕೇಳಿತು. ಮುಂದಿನ ವಾಕ್ಯ ಸರಾಗ ಬಂತು. ಮತ್ತೆ ‘ಹೂಂ’. ಹದಿನೆಂಟು ಪುಟದ ಕಥೆ ಒಂದೇ ಉಸಿರಿಗೆ ಮುಗಿಯಿತು.

ಅಂದಿನಿಂದ ಕರೆವ್ವ ಕಟ್ಟೆಯ ಮೇಲೆ, ನಾನು ಕಿಟಕಿಯ ಒಳಗೆ. ಅವಳ ಹೂಂ ಒಂದೇ ತರಹದ್ದಲ್ಲ. ಕಥೆ ನೆಟ್ಟಗೆ ನಡೆದಿದ್ದರೆ ಸಣ್ಣ ಹೂಂ. ಅನುಮಾನ ಬಂದರೆ ಎಳೆದ ಹೂಂ. ಯಾರಾದರೂ ಸುಳ್ಳು ಹೇಳುತ್ತಿದ್ದರೆ ಮೂಗಿನಿಂದ ಬರುವ ಹೂಂ. ಕೇಳುವವರಲ್ಲಿ ಕೆಲವರು ಅದಕ್ಕೇ ಕಾಯತೊಡಗಿದರು. ಲಕ್ಕುಂಡಿಯಿಂದ ಅರ್ಜುನ ಎಂಬಾತ, ‘ಕಥಿ ಅರ್ಥ ಆಗಲಿಲ್ಲಂದ್ರ ಆ ಅಮ್ಮನ ಹೂಂ ಕೇಳಿದ್ರ ತಿಳೀತೈತ್ರಿ’ ಎಂದು ಬರೆದ. ಗುಲಾಬಿ ಹೂವಿನವರು ಮಾತ್ರ ಪ್ರತಿ ವಾರ ತಪ್ಪದೆ ಬಾಗಿಲು ಹಾಕಿರಿ ಎನ್ನುತ್ತಲೇ ಇದ್ದರು.

ಒಮ್ಮೆ ಶಿರಹಟ್ಟಿಯಲ್ಲಿ ಹಾಲಿನ ಗಾಡಿ ಓಡಿಸುವ ಲೋಹಿತ ಎಂಬಾತ ಬರೆದ: ‘ಆ ಅಮ್ಮನ ದನಿ ದೂರದಿಂದ ಬರತೈತ್ರಿ ಮೇಡಂ. ಕಥಿ ಒಳಗ, ಹೂಂ ಹೊರಗ ಯಾಕ?’

ನಾನು ಹನ್ನೆರಡು ಸಾಲಿನ ಉತ್ತರ ಟೈಪು ಮಾಡಿದೆ. ನೀನು ಯಾರಪ್ಪ ಕೇಳಲಿಕ್ಕೆ, ನಮ್ಮಿಬ್ಬರ ಸಲಿಗೆ ನಿನಗೇನು ಗೊತ್ತು, ಇತ್ಯಾದಿ. ಕಳಿಸುವ ಮುಂಚೆ ಒಮ್ಮೆ ಓದಿ ಅಳಿಸಿಹಾಕಿದೆ. ಕರೆವ್ವ ಹದಿನಾಲ್ಕು ವರ್ಷದಿಂದ ನಮ್ಮ ಕಟ್ಟೆಯ ಮೇಲೆ ಕೂರುತ್ತಿದ್ದಾಳೆ. ಒಳಗೆ ಬಾ ಎಂದು ನಾನು ಒಮ್ಮೆಯೂ ಅಂದಿರಲಿಲ್ಲ. ಇದರಲ್ಲಿ ತಪ್ಪು ಯಾರದು ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಉತ್ತರ ನನಗೆ ಗೊತ್ತಿದೆ.

ಮರುದಿನ ಬಾಗಿಲಲ್ಲಿ ನಿಂತು, ‘ಕರೆವ್ವ, ಒಳಗ ಬಾ. ಫ್ಯಾನ್ ಅದ’ ಎಂದೆ.

‘ಇಷ್ಟ ವರ್ಷ ಇಲ್ಲದ್ದು ಇವತ್ತ್ಯಾಕ ಅಕ್ಕೋರ?’

ಲೋಹಿತ ಬರೆದದ್ದನ್ನು ಓದಿ ಹೇಳಿದೆ. ಕರೆವ್ವ ಬುಟ್ಟಿ ತಟ್ಟಿ ನಕ್ಕಳು. ‘ಅಂವಾ ಯಾವನೋ ಅಂದನಂತ ನಾ ಒಳಗ ಬರಬೇಕೇನು? ನನಗ ಇಲ್ಲೆ ಗಾಳಿ ಐತಿ. ಬೇಕಾದ್ರ ನೀವ ಹೊರಗ ಬರ್ರಿ.’

ಹೋದೆ. ಸ್ಟ್ಯಾಂಡನ್ನು ಕಟ್ಟೆಯ ಮೇಲೆ ನಿಲ್ಲಿಸಿ ಅವಳ ಪಕ್ಕದಲ್ಲೇ ಕುಳಿತು ಓದಿದೆ. ಹಾದುಹೋಗುವ ಸೈಕಲ್ಲಿನ ಗಂಟೆ, ನೇಯುವವರ ಮನೆಯ ಮಗ್ಗದ ಸದ್ದು ಎಲ್ಲ ಅದರಲ್ಲಿ ಸೇರಿಕೊಂಡವು. ಗುಲಾಬಿ ಹೂವಿನವರು ಚಾನೆಲ್ ಬಿಟ್ಟು ಹೋದರು. ಆ ದಿನ ನಾನು ಶಿರಾ ಮಾಡಿ ಬಾಯಿ ಸಿಹಿ ಮಾಡಿಕೊಂಡೆ.

ಹೀಗೆ ನಡೆದಿರುವಾಗ ಸ್ಟೇಶನ್ ಮಾಸ್ತರನ ಕಥೆಯ ಸರದಿ ಬಂತು. ಬರೆದು ತೊಂಬತ್ತು ವರ್ಷವಾದ ಕಥೆ ಅದು. ನಮ್ಮ ಕಡೆ ಓದು ಬಲ್ಲವರಿಗೆಲ್ಲ ಗೊತ್ತು. ಸಣ್ಣ ರೈಲು ನಿಲ್ದಾಣದ ಮಾಸ್ತರನಿಗೆ ಹೆಂಡತಿಯ ಪೆಟ್ಟಿಗೆಯಲ್ಲಿ ಒಂದು ಕಾಗದ ಸಿಗುತ್ತದೆ. ಯಾರದೆಂದು ಕೇಳದೆ ಅವಳನ್ನು ಬೆಳಗಿನ ರೈಲಿಗೆ ಹತ್ತಿಸಿ, ತಾನೇ ಹಸಿರು ಬಾವುಟ ತೋರಿಸಿ ಕಳಿಸಿಬಿಡುತ್ತಾನೆ. ಹತ್ತು ವರ್ಷದ ಮೇಲೆ ಆ ಕಾಗದ ಅವಳ ತಮ್ಮನದೆಂದು ತಿಳಿಯುತ್ತದೆ. ಹುಡುಕಿಕೊಂಡು ಹೋದರೆ ಅವಳು ಯಾರದೋ ಮನೆಯಲ್ಲಿ ಕೂಲಿಗೆ ಜೋಳ ಬೀಸುತ್ತ ಕುಳಿತಿರುತ್ತಾಳೆ. ಕೊನೆಯ ವಾಕ್ಯ ನನಗೆ ಬಾಯಿಪಾಠ: ‘ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಏನೂ ನಡೆದೇ ಇಲ್ಲವೆಂಬಂತೆ, ಅವನ ಪಾದಗಳ ಮೇಲೆ ಹಣೆಯಿಟ್ಟಳು.’

ಎಷ್ಟೋ ವರ್ಷ ಪಠ್ಯದಲ್ಲಿದ್ದ ಕಥೆ. ‘ನಾಯಕಿಯ ಕ್ಷಮಾಗುಣವನ್ನು ವಿವರಿಸಿರಿ’ ಎಂಬ ಪ್ರಶ್ನೆಯನ್ನು ನಾನೇ ಎಷ್ಟು ಸಲ ಕೊಟ್ಟಿದ್ದೇನೋ. ಓದುವಾಗ ಪ್ರತಿ ಸಲ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು. ಅಂದೂ ಬಂತು. ಆ ವಾಕ್ಯಕ್ಕಿಂತ ಒಂದು ವಾಕ್ಯ ಮೊದಲು, ಮಾಸ್ತರ ಬಾಗಿಲಲ್ಲಿ ಬಂದು ನಿಂತ, ಹೆಂಡತಿ ತಲೆಯೆತ್ತಿ ನೋಡಿದಳು ಎಂಬಲ್ಲಿ ಉಸಿರು ತೆಗೆದುಕೊಂಡೆ. ಕರೆವ್ವ ಹೂಂ ಅಂದಳು. ಕೊನೆಯ ವಾಕ್ಯ ಓದಿದೆ. ಹೂಂ ಬರಲಿಲ್ಲ.

ಕಾದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಓದಿದೆ. ಕರೆವ್ವ ರಸ್ತೆ ನೋಡುತ್ತಿದ್ದಳು.

‘ಹೂಂ ಅನ್ನು ಕರೆವ್ವ. ಕಥಿ ಮುಗೀತು.’

‘ಅನ್ನಂಗಿಲ್ಲ.’

‘ಯಾಕ?’

‘ಅಕಿ ಹಾಂಗ ಮಾಡಂಗಿಲ್ಲ. ಹತ್ತ ವರ್ಷ ತನ್ನ ಕೂಳ ತಾನ ದುಡದಾಳ. ಅಂವಾ ಬಂದ, ಇಕಿ ಬಿದ್ಲು? ಸುಳ್ಳ ಐತಿದು.’

‘ಕಥಿ ಇರೋದ ಹಾಂಗ!’

‘ಇರವಲ್ದ್ಯಾಕ. ನಾ ಹೂಂ ಅನ್ನಂಗಿಲ್ಲ.’

ನನಗೆ ಸಿಟ್ಟು ನೆತ್ತಿಗೇರಿತು. ದೊಡ್ಡದೊಡ್ಡವರು ಮೆಚ್ಚಿದ ಕಥೆ, ನಾಲ್ಕು ಭಾಷೆಗೆ ಹೋದ ಕಥೆ, ನಿನಗೇನು ತಿಳಿಯುತ್ತದೆ ಎಂದುಬಿಟ್ಟೆ. ಹೌದು, ಅದೇ ಮಾತು ಅಂದೆ. ಕರೆವ್ವ ಸಿಟ್ಟಾಗಲಿಲ್ಲ. ‘ನನಗ ತಿಳಿಯೂದಿಲ್ಲಂದ್ರ ಇಷ್ಟ ದಿನ ನನ್ನ ಹೂಂ ಯಾಕ ತಗೊಂಡ್ರಿ?’ ಎಂದು ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೋದಳು. ಇಷ್ಟೆಲ್ಲ ಫೋನಿನಲ್ಲಿ ಉಳಿಯಿತು. ನಾನು ಉರಿಯುತ್ತಲೇ ಮುಕುಂದನಿಗೆ ಕಳಿಸಿದೆ, ಜಗಳ ಕತ್ತರಿಸಿ ಹಾಕು ಎಂದು ಹೇಳುವುದನ್ನು ಮರೆತೆ. ಅವನು ಕೇಳಿ, ಮಜಾ ಇದೆ ಎಂದು ಇದ್ದದ್ದು ಇದ್ದಂತೆ ಹಾಕಿಬಿಟ್ಟ.

ನನ್ನ ಕಥೆಗಳನ್ನು ಇನ್ನೂರು ಮುನ್ನೂರು ಜನ ಕೇಳುತ್ತಿದ್ದರು. ಇದನ್ನು ನಾಲ್ಕು ದಿನದಲ್ಲಿ ನಲವತ್ತು ಸಾವಿರ ಜನ ಕೇಳಿದರು. ಪ್ರತಿಕ್ರಿಯೆಗಳು ಜೋಳದ ರಾಶಿಯಂತೆ ಬಂದು ಬಿದ್ದವು. ‘ಶ್ರೇಷ್ಠ ಕೃತಿಗೆ ಅಪಮಾನ.’ ‘ಅಕ್ಷರ ಬಾರದವರ ಕೈಗೆ ಮೈಕು ಕೊಟ್ಟರೆ ಹೀಗೇ.’ ‘ಅಜ್ಜಿಗೆ ಜೈ.’ ‘ಮೊದಲು ಅಜ್ಜಿಗೆ ಕಥೆ ಎಂದರೇನು ಅಂತ ಕಲಿಸಿ.’ ಮತ್ತೆ ಅಳುವ ಮುಖದ ಚಿತ್ರಗಳ ಜೊತೆ ಒಂದೇ ಮಾತು ಹತ್ತಾರು ಸಲ: ‘ಪಾಪ, ಆ ತಾಯಿ ತನ್ನ ಬಾಳಿನಲ್ಲಿ ಎಷ್ಟು ನೋವು ಉಂಡಿರಬೇಕು!’

ನನಗೂ ಹಾಗೇ ಅನ್ನಿಸಿತ್ತು. ಜಗಳದ ಮರುದಿನದಿಂದಲೇ ಏನೂ ಆಗದವಳಂತೆ ಬಂದು ಕೂರುತ್ತಿದ್ದ ಕರೆವ್ವನಿಗೆ ಈ ಪ್ರತಿಕ್ರಿಯೆಗಳನ್ನು ಓದಿ ಹೇಳಿದೆ. ಬೈಗುಳಗಳಿಗೆ ಅವಳು ಅಲುಗಾಡಲಿಲ್ಲ. ಆ ಪಾಪ ಎಂಬುದಕ್ಕೆ ಮಾತ್ರ ಕೆಂಡವಾದಳು.

‘ಯಾರ್ರೀ ಪಾಪ? ನನ್ನ ಗಂಡ ಭಂಗಾರದಂಥಾ ಮನಶ್ಯಾ ಇದ್ದ. ಒಂದಿನಾ ಲೇ ಅಂದಾವಲ್ಲ. ನೋವ ಉಂಡಾಕಿ ಅಷ್ಟ ಮಾತಾಡಬೇಕೇನು? ಕಥಿ ಕೇಳಿದೆ, ಸುಳ್ಳ ಅನ್ನಿಸಿತು, ಅಂದೆ. ಅದಕ್ಕ ನನ್ನ ಮನಿ ಖಬರ ಯಾಕ ಬೇಕು ಇವರಿಗೆ?’

ದೊಡ್ಡ ವಿಮರ್ಶಕರು ಇಲ್ಲ ಎಂದರೆ ಅದು ಅಭಿಪ್ರಾಯ, ಕರೆವ್ವ ಇಲ್ಲ ಎಂದರೆ ಅದು ಹೊಟ್ಟೆಯ ಸಂಕಟ. ನಾನೂ ಆ ಲೆಕ್ಕದಲ್ಲೇ ಇದ್ದೆ.

ಅದೇ ವಾರ ಲಕ್ಷ್ಮೇಶ್ವರದಿಂದ ಶ್ರೀಪಾದ ಮಾಸ್ತರರ ಫೋನು ಬಂತು. ನಾನು ಕೆಲಸಕ್ಕೆ ಸೇರಿದಾಗ ನನ್ನ ಹೆಡ್ ಮಾಸ್ತರರಾಗಿದ್ದವರು. ಈಗ ಅಲ್ಲಿನ ಒಂದು ಸಾಹಿತ್ಯ ಬಳಗದ ಅಧ್ಯಕ್ಷರು. ಅವರ ಬಳಗ ಐವತ್ತು ಹಳೆಯ ಕಥೆಗಳನ್ನು ಓದಿಸಿ, ಜಿಲ್ಲೆಯ ಎಲ್ಲ ಶಾಲೆಗಳಿಗೂ ಕೊಡುವ ಯೋಜನೆ ಹಾಕಿತ್ತು. ಐವತ್ತನ್ನೂ ನಾನೇ ಓದಬೇಕು.

‘ನಿಮ್ಮ ದನಿ ಇನ್ನ ಐವತ್ತು ವರ್ಷ ಉಳೀತದ ಯಮುನಾಬಾಯಿಯವರ. ಆದ್ರ ಆ ವಿಡಿಯೋ ಮೊದಲ ತಗೀರಿ. ಬರೋ ರವಿವಾರ ನಮ್ಮ ಸಭಾಭವನದಾಗ ಅದ ಕಥಿ ಸ್ವಚ್ಛ ಓದ್ರಿ, ಲೈವ್. ಆ ಹೂಂ ಗೀಂ ಏನೂ ಬ್ಯಾಡ.’

ಯೋಚನೆ ಮಾಡಲು ಒಂದು ದಿನ ಕೇಳಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆಗಲಿ ಎಂದು ಆ ಕ್ಷಣವೇ ಅಂದೆ. ನನಗೆ ಅದು ಬೇಕಿತ್ತು. ಮಕ್ಕಳಿಲ್ಲದವಳು ನಾನು. ನನ್ನ ದನಿ ನಾಳೆ ಮುಂಡರಗಿಯ ಯಾವುದೋ ಶಾಲೆಯಲ್ಲಿ, ಬಾಳೆಹೊಸೂರಿನ ಯಾವುದೋ ತರಗತಿಯಲ್ಲಿ ಕಥೆ ಓದುತ್ತಿರುತ್ತದೆ ಎಂಬ ಆಸೆ ನನ್ನನ್ನು ಪೂರ್ತಿ ನುಂಗಿತು. ಮುಕುಂದನಿಗೆ ಫೋನು ಮಾಡಿ ತೆಗೆದುಹಾಕು ಎಂದೆ. ‘ಅಳಸಂಗಿಲ್ಲ ಮಾವಶಿ, ಸದ್ಯಕ್ಕ ಮುಚ್ಚಿಡ್ತೀನಿ’ ಎಂದು ಗೊಣಗುತ್ತ ಮುಚ್ಚಿಟ್ಟ.

ಕರೆವ್ವನಿಗೆ ಮೊಮ್ಮಗಳು ಮಮತಾಳ ಫೋನಿನಿಂದ ಸಂಗತಿ ತಿಳಿಯಿತು. ಮರುದಿನ ಬುಟ್ಟಿ ಇಳಿಸದೆ ಕಟ್ಟೆಯ ಕೆಳಗೇ ನಿಂತಳು.

‘ತಗದ್ರಂತಲ್ಲ ಅಕ್ಕೋರ.’

‘ಅದು ಹಾಂಗಲ್ಲ ಕರೆವ್ವ, ಮಾಸ್ತರರು...’

‘ಇರ್ಲಿ ಬಿಡ್ರಿ. ನಿಮ್ಮ ಫೋನು, ನಿಮ್ಮ ಕಥಿ. ಆದ್ರ ತಗದ್ರಂತ ನಾ ಹೂಂ ಅಂದಂಗ ಆಗಲಿಲ್ಲ.’

ಹೋದಳು. ನಾಲ್ಕು ದಿನ ನಮ್ಮ ಓಣಿಗೆ ಬರಲೇ ಇಲ್ಲ. ನಾನು ಪೇಟೆಯಿಂದ ತಂದ ಪಲ್ಯ ತಿಂದೆ. ಬೇಯಲೂ ಇಲ್ಲ, ರುಚಿಯೂ ಇರಲಿಲ್ಲ. ಕಟ್ಟೆ ಗುಡಿಸುವಾಗ ಯಾರ ಮೇಲೋ ಸೇಡು ತೀರಿಸಿಕೊಳ್ಳುವವಳಂತೆ ಗುಡಿಸುತ್ತಿದ್ದೆ.

ಶನಿವಾರ ಬೆಳಿಗ್ಗೆ ಮುಕುಂದ ತನ್ನ ಫೋನು ತಂದು ನನ್ನ ಮುಂದೆ ಹಿಡಿದ. ರವಿವಾರದ ಕಾರ್ಯಕ್ರಮದ ಪ್ರಕಟಣೆಯ ಕೆಳಗೆ ಒಬ್ಬಾಕೆ ಉದ್ದವಾಗಿ ಬರೆದಿದ್ದಳು.

‘ನಮಸ್ಕಾರ ಟೀಚರ್. ನಾನು ಶಮಶಾದಬಿ, ಮುಂಡರಗಿ. ತೊಂಬತ್ತಾರರಲ್ಲಿ ನಿಮ್ಮ ವಿದ್ಯಾರ್ಥಿನಿ. ಈಗ ಟೇಲರಿಂಗ್ ಅಂಗಡಿ ಇಟ್ಟೇನಿ, ಹೊಲಿಯುವಾಗ ನಿಮ್ಮ ಕಥೆ ಹಚ್ಚಿಕೊಂಡಿರತೇನಿ. ಆ ಅಮ್ಮ ಅಂದ ಮಾತನ್ನೇ ನಾನು ಪರೀಕ್ಷೆಯಲ್ಲಿ ಬರೆದಿದ್ದೆ. ಅವಳು ಹಾಗೆ ಮಾಡುವುದಿಲ್ಲ ಅಂತ. ನೀವು ಐದಕ್ಕೆ ಸೊನ್ನೆ ಕೊಟ್ಟಿರಿ. ಎಲ್ಲರ ಮುಂದೆ ನಿಲ್ಲಿಸಿ ನನ್ನ ಉತ್ತರ ಓದಿಸಿದಿರಿ, ಎಲ್ಲರೂ ನಕ್ಕರು. ನಿಮ್ಮ ಮೇಲೆ ಸಿಟ್ಟಿಲ್ಲ ಟೀಚರ್. ನೀವು ಓದುವುದು ನನಗೆ ಇಷ್ಟ. ಆದರೆ ಆ ವಿಡಿಯೋ ಯಾಕೆ ತೆಗೆದಿರಿ?’

ಮುಖ ನೆನಪಾಗಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಹುಡುಗಿಯನ್ನು ನಿಲ್ಲಿಸಿ ಎಲ್ಲರನ್ನೂ ನಗಿಸಿದ್ದು ನನಗೆ ನೆನಪೇ ಇಲ್ಲ, ಅವಳಿಗೆ ಸುಮಾರು ಮೂವತ್ತು ವರ್ಷದ ಮೇಲೂ ಸೊನ್ನೆ ನೆನಪಿದೆ. ಮುಕುಂದ ಚಹಾ ಮಾಡಿ ತಂದುಕೊಟ್ಟ. ಅದು ತಣ್ಣಗಾಯಿತು. ಸೊನ್ನೆ ಕೊಟ್ಟದ್ದು ತಪ್ಪು, ನಗಿಸಿದ್ದು ಅದಕ್ಕಿಂತ ದೊಡ್ಡ ತಪ್ಪು, ಕ್ಷಮಿಸು ಎಂದು ಅವಳಿಗೆ ಬರೆದೆ. ಅವಳು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಬರೆಯಲು ಕೈ ಬರಲಿಲ್ಲ.

ರವಿವಾರ ಬೆಳಿಗ್ಗೆ ನಾನೂ ಮುಕುಂದನೂ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹಿಡಿದು ಲಕ್ಷ್ಮೇಶ್ವರ ಮುಟ್ಟಿದೆವು. ಸಭಾಭವನದಲ್ಲಿ ಎಂಬತ್ತು ಜನರಿದ್ದರು. ಶಾಲು, ಹೂವು, ದೀಪ ಹಚ್ಚುವುದು ಎಲ್ಲ ಆಯಿತು. ನನ್ನ ಮುಂದೆ ಮೈಕು, ಪಕ್ಕದಲ್ಲಿ ಮುಕುಂದನ ಲ್ಯಾಪ್‌ಟಾಪು. ಆನ್‌ಲೈನ್ ಕೇಳುವವರು ಬರೆದದ್ದು ಅದರಲ್ಲಿ ಮೇಲಿಂದ ಕೆಳಗೆ ಹರಿಯುತ್ತಿತ್ತು. ‘ಇದು ಶುದ್ಧ ವಾಚನ, ಅಡೆತಡೆ ಇಲ್ಲದ ವಾಚನ’ ಎಂದು ಶ್ರೀಪಾದ ಮಾಸ್ತರರು ಭಾಷಣದಲ್ಲಿ ಎರಡು ಸಲ ಹೇಳಿದರು.

ಓದತೊಡಗಿದೆ. ಮೊದಲ ವಾಕ್ಯ ಮುಗಿಸಿ ನಿಂತೆ. ನಿಂತದ್ದು ನನಗೆ ಗೊತ್ತೇ ಆಗಲಿಲ್ಲ. ಎರಡನೆಯದು ಮುಗಿಸಿ ಮತ್ತೆ ನಿಂತೆ. ಏಳು ತಿಂಗಳು ಕರೆವ್ವನ ಪಕ್ಕ ಕುಳಿತು ಓದಿದ ನಾಲಿಗೆ ಪ್ರತಿ ವಾಕ್ಯಕ್ಕೂ ಹೂಂ ಬರುವಷ್ಟು ಜಾಗ ಬಿಟ್ಟು ಕಾಯುತ್ತಿತ್ತು. ಹೂಂ ಬರುತ್ತಿರಲಿಲ್ಲ. ಎಂಬತ್ತು ಜನ ಮರ್ಯಾದೆಯಿಂದ ಬಾಯಿ ಮುಚ್ಚಿ ಕುಳಿತಿದ್ದರು.

ಲ್ಯಾಪ್‌ಟಾಪಿನಲ್ಲಿ ಬರೆಯತೊಡಗಿದರು. ‘ನೆಟ್ ಹೋಗಿದೆಯೇ?’ ‘ದನಿ ಕಟ್ ಆಗ್ತಿದೆ.’ ‘ಮೇಡಂ ಹ್ಯಾಂಗ್ ಆಗಿದ್ದಾರೆ.’ ಬೆವರಿದೆ. ಓಡಿಸಿ ಓದಲು ನೋಡಿದೆ, ಮಾತುಗಳು ಒಂದರ ಮೇಲೊಂದು ಬಿದ್ದವು. ಶ್ರೀಪಾದ ಮಾಸ್ತರರು ನೀರಿನ ಲೋಟ ಮುಂದೆ ಸರಿಸಿದರು.

ಆಗ ಶಿರಹಟ್ಟಿಯ ಲೋಹಿತನ ಹೆಸರು ಬಂತು. ಅದರ ಮುಂದೆ ಒಂದೇ ಅಕ್ಷರ: ‘ಹೂಂ.’ ಅದರ ಕೆಳಗೆ ಲಕ್ಕುಂಡಿಯ ಅರ್ಜುನ: ‘ಹೂಂ.’ ಮುಂಡರಗಿಯ ಶಮಶಾದಬಿ: ‘ಹೂಂ ಟೀಚರ್.’ ಗೊತ್ತಿಲ್ಲದ ಹೆಸರುಗಳೂ ಬಂದವು. ಹೂಂ, ಹೂಂ, ಹೂಂ. ನನ್ನ ಕಣ್ಣು ಮಂಜಾದವು, ದನಿ ನೆಟ್ಟಗಾಯಿತು. ಒಂದು ವಾಕ್ಯ ಓದುವುದು, ಓರೆಗಣ್ಣಿಗೆ ಹೂಂ ನೋಡುವುದು, ಮುಂದಿನ ವಾಕ್ಯ. ಮಾಸ್ತರ ಬಾವುಟ ತೋರಿಸಿದ. ಹೂಂ. ರೈಲು ಹೋಯಿತು. ಹೂಂ. ಹತ್ತು ವರ್ಷ ಕಳೆಯಿತು. ಹೂಂ. ಮಾಸ್ತರ ಬಾಗಿಲಲ್ಲಿ ಬಂದು ನಿಂತ. ಹೂಂ.

ಕೊನೆಯ ವಾಕ್ಯವನ್ನು ನಾನು ನುಂಗಲಿಲ್ಲ. ಬರೆದವರ ಮಾತು ಬರೆದವರದು, ಅದನ್ನು ತಿದ್ದುವ ಹಕ್ಕು ನನಗಿಲ್ಲ. ಒಂದು ಅಕ್ಷರ ಬಿಡದೆ ಓದಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡಳು, ಬಂದಳು, ಹಣೆಯಿಟ್ಟಳು. ಪುಸ್ತಕ ಮುಚ್ಚಿದೆ.

ಪರದೆಯ ಮೇಲೆ ಮೂರೋ ನಾಲ್ಕೋ ಹೂಂ ಬಂದವು. ಮತ್ತೆ ಏನೂ ಬರಲಿಲ್ಲ. ಅಷ್ಟು ಹೊತ್ತು ಹರಿಯುತ್ತಿದ್ದದ್ದು ಹಾಗೇ ನಿಂತಿತು. ಶಮಶಾದಬಿ ಏನೂ ಬರೆಯಲಿಲ್ಲ. ಸಭೆಯಲ್ಲಿ ಚಪ್ಪಾಳೆ ಶುರುವಾಯಿತು. ನಾನು ಕೈ ಎತ್ತಿ ನಿಲ್ಲಿಸಿದೆ, ತರಗತಿಯಲ್ಲಿ ನಿಲ್ಲಿಸುತ್ತಿದ್ದಂತೆ.

‘ಪೂರ್ತಿ ಓದೇನಿ’ ಎಂದೆ ಮೈಕಿನಲ್ಲಿ. ‘ಒಂದು ಮಾತೂ ಬಿಟ್ಟಿಲ್ಲ. ಆದ್ರ ಕಳಸಾಪುರದ ಕರೆವ್ವ ಈ ಕಡೀ ಮಾತಿಗೆ ಹೂಂ ಅಂದಿಲ್ಲ. ತೊಂಬತ್ತಾರರಾಗ ಮುಂಡರಗಿಯ ಶಮಶಾದಬಿನೂ ಅಂದಿದ್ದಿಲ್ಲ, ನಾನ ಅಕಿ ಬಾಯಿ ಮುಚ್ಚಿಸಿದೆ. ಇವತ್ತ ನಾನೂ ಅನ್ನೋದಿಲ್ಲ. ಕಥಿ ದೊಡ್ಡದು ಖರೆ. ಕೇಳೋರು ಅದಕ್ಕಿಂತ ಸಣ್ಣವರಲ್ಲ. ಮುಕುಂದಾ, ಆ ವಿಡಿಯೋ ತಗಿ.’

‘ತಗದಿದ್ದನ್ನ ತಗೀ ಅಂತೀಯಲ್ಲ ಮಾವಶಿ, ಹಾಕೋದೋ ತಗಿಯೋದೋ?’

‘ಹಾಕು ಲೇ!’

ಮೈಕು ಅಲ್ಲಿಗೆ ಸತ್ತಿತು. ಹಾಕು ಲೇ ಎಂಬುದು ಹೊರಗೆ ಹೋಯಿತೆಂದು ಆಮೇಲೆ ತಿಳಿಯಿತು. ಶ್ರೀಪಾದ ಮಾಸ್ತರರು ನನ್ನ ಹತ್ತಿರ ಬಂದರು. ದೊಡ್ಡ ಮನುಷ್ಯರು, ದನಿ ಏರಿಸಲಿಲ್ಲ. ‘ಐವತ್ತು ಕಥಿ ಯಮುನಾಬಾಯಿಯವರ. ಒಬ್ಬಾಕಿ ಪಲ್ಯಾ ಮಾರಾಕಿ ಸಲುವಾಗಿ’ ಎಂದರು.

‘ಅಲ್ರಿ ಮಾಸ್ತರ’ ಎಂದೆ. ‘ಒಂದು ಹೂಂ ಸಲುವಾಗಿ.’

ಐವತ್ತು ಕಥೆಗಳು ಬೇರೆ ಯಾರಿಗೋ ಹೋದವು. ನನಗೆ ದುಃಖವಾಗಲಿಲ್ಲ ಎಂದು ಶೂರತನ ಕೊಚ್ಚಿಕೊಳ್ಳುವುದಿಲ್ಲ. ಬಸ್ಸಿನಲ್ಲಿ ಮುಕುಂದನಿಗೆ ಕಾಣದಂತೆ ಕಿಟಕಿಯ ಕಡೆ ಮುಖ ಮಾಡಿ ಅತ್ತೆ.

ಸೋಮವಾರ ಮಧ್ಯಾಹ್ನ ಕರೆವ್ವ ಬಂದಳು. ಬುಟ್ಟಿ ಇಳಿಸಿ, ನೀರು ಕುಡಿದು, ಕಟ್ಟೆಯ ಮೇಲೆ ತನ್ನ ಜಾಗದಲ್ಲಿ ಕುಳಿತಳು.

‘ನನ್ನ ಸಲುವಾಗಿ ಏನೋ ಕಳಕೊಂಡ್ರಂತ. ಮಮತಾ ಹೇಳಿದ್ಲು.’

‘ನಿನ್ನ ಸಲುವಾಗಿ ಅಲ್ಲ. ನನ್ನ ಸಲುವಾಗಿ.’

‘ಹಾಂಗಿದ್ರ ಆತು. ಇಲ್ಲಂದ್ರ ನನಗ ಋಣ ಆಗತಿತ್ತು.’ ಬುಟ್ಟಿ ಪಕ್ಕಕ್ಕೆ ಸರಿಸಿ ನಗತೊಡಗಿದಳು. ‘ನಿನ್ನೆ ನಮ್ಮ ಅಂಗಳದಾಗ ಹತ್ತ ಮಂದಿ ಕುಂತ ಕೇಳಿದ್ವಿ. ಅಕಿ ಕಾಲಿಗೆ ಬಿದ್ಲು ಅಂದ ಕೂಡ್ಲೆ ನಮ್ಮ ಮೈದುನ ಮೂಕಪ್ಪ ಒಬ್ಬನ ದೊಡ್ಡ ದನೀಲೆ ಹೂಂ ಅಂದ. ಒಂಬತ್ತ ಮಂದಿ ಹೆಣಮಕ್ಕಳು ಹೊಳ್ಳಿ ಅವನ ಮಾರಿ ನೋಡಿದ್ವಿ. ಎದ್ದ ಹೊಲಕ್ಕ ಹೋದ.’

ನಾನು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ನಕ್ಕೆ. ಹೊಸ ಕಥೆಗೆಂದು ಸ್ಟ್ಯಾಂಡಿಗೆ ಫೋನು ಸಿಕ್ಕಿಸುತ್ತಿದ್ದಾಗ ಕರೆವ್ವ ಕೈ ಅಡ್ಡ ಮಾಡಿದಳು.

‘ಅಕ್ಕೋರ, ಒಂದ ಕೇಳತೇನಿ. ಆ ಹೆಣಮಗಳ ಹೆಸರೇನು?’

‘ಯಾರದು?’

‘ಆ ಟೇಸನ್ ಮಾಸ್ತರನ ಹೇಣ್ತಿದು. ರಾತ್ರೆಲ್ಲಾ ನೆನಸಿದೆ, ನೆನಪಾಗವಲ್ದು.’

ಹೇಳಲು ಬಾಯಿ ತೆರೆದೆ. ಬಾಯಿಗೆ ಬರಲಿಲ್ಲ. ಒಳಗೆ ಹೋಗಿ ಪುಸ್ತಕ ತಂದು ಮೊದಲ ಪುಟದಿಂದ ಹುಡುಕಿದೆ. ಮಾಸ್ತರನ ಹೆಸರು ಮೊದಲ ಸಾಲಿನಲ್ಲೇ ಇತ್ತು, ವಾಸುದೇವರಾಯ. ಬಾವುಟ ಒಯ್ದು ಕೊಡುವ ಆಳಿನ ಹೆಸರಿತ್ತು. ಕಾಗದ ಬರೆದ ತಮ್ಮನ ಹೆಸರು, ಆ ಊರಿನ ಹೆಸರು, ಮಾಸ್ತರನ ಎಮ್ಮೆಯ ಹೆಸರು ಕೂಡ ಇತ್ತು. ಹೆಂಡತಿ ಎಲ್ಲ ಪುಟಗಳಲ್ಲೂ ‘ಅವಳು’ ಅಷ್ಟೇ. ಮೂವತ್ತೊಂದು ವರ್ಷ ಅವಳ ಕ್ಷಮಾಗುಣ ವಿವರಿಸಿದ ನಾನು ಅವಳ ಹೆಸರನ್ನು ಒಮ್ಮೆಯೂ ಹುಡುಕಿರಲಿಲ್ಲ.

‘ಇಲ್ಲ ಕರೆವ್ವ. ಹೆಸರ ಇಟ್ಟಿಲ್ಲ.’

ಕರೆವ್ವ ನನ್ನನ್ನೂ ಪುಸ್ತಕವನ್ನೂ ನೋಡಿದಳು.

‘ಅಕಿ ಹೆಸರ ಏನಂತ ಗೊತ್ತಿಲ್ಲದವರಿಗೆ, ಅಕಿ ಕಾಲಿಗೆ ಬಿದ್ದಿದ್ದು ಹೆಂಗ ಗೊತ್ತಾತು?’

ಫೋನು ಚಾಲೂ ಮಾಡಿದೆ. ಅಂದು ಹೊಸ ಕಥೆ ಓದಲಿಲ್ಲ. ಕರೆವ್ವ ಕೇಳಿದ್ದನ್ನು ಅವಳ ಬಾಯಿಂದಲೇ ಇನ್ನೊಮ್ಮೆ ಕೇಳಿಸಿದೆ. ಆಮೇಲೆ, ಪರೀಕ್ಷೆಯ ಕೋಣೆಯಲ್ಲಿ ನಿಂತವಳ ದನಿಯಲ್ಲಿ, ಕೇಳುವ ಎಲ್ಲರಿಗೂ ಹೇಳಿದೆ: ‘ಉತ್ತರ ಗೊತ್ತಿದ್ದವರು ಕೆಳಗೆ ಬರೆಯಿರಿ. ಅಲ್ಲಿಯವರೆಗೆ ಯಾರೂ ನನಗೆ ಆ ವಿಡಿಯೋ ತೆಗೆಯಿರಿ ಎನ್ನಬೇಡಿ.’